ಪೆಟ್ಟು ತಿಂದ ನಾಣ್ಯಕ್ಕೂ ಬೆಲೆಯಿದೆ: ಗ್ರೇಡಿಂಗ್ ಆದ ಮೇಲೆ ಮಾರುವ ಬಗೆ

ಗ್ರೇಡಿಂಗ್‌ಗೆ ಹೋದ ನಾಣ್ಯಗಳಿಗೆಲ್ಲ ಅಂಕ ಸಿಗುವುದಿಲ್ಲ. ಅಮೆರಿಕದ ಪಿಸಿಜಿಎಸ್ ಮತ್ತು ಎನ್‌ಜಿಸಿ ಸಂಸ್ಥೆಗಳು 1ರಿಂದ 70ರವರೆಗಿನ ಶೆಲ್ಡನ್ ಮಾಪನದಲ್ಲಿ ನಾಣ್ಯದ ದರ್ಜೆ ನಿರ್ಧರಿಸುತ್ತವೆ. ಕೈಯಿಂದ ಕೈಗೆ ಓಡಾಡಿ ಸವೆದಿದ್ದರೆ ಅಂಕ ಇಳಿಯುತ್ತದೆ, ಅಷ್ಟೆ. ಆದರೆ ತೂತು, ಆಳವಾದ ಗೀರು, ಬೆಸುಗೆಯ ಕಲೆ ಅಥವಾ ಉಜ್ಜಿ ತೊಳೆದ ಗುರುತು ಕಂಡರೆ ಅಂಕದ ಜಾಗದಲ್ಲಿ ‘ಡೀಟೇಲ್ಸ್’ ಎಂಬ ಷರಾ ಬೀಳುತ್ತದೆ. ಅದನ್ನು ನೋಡಿ ಕೈಚೆಲ್ಲಿ, ಸಿಕ್ಕಿದ ಬೆಲೆಗೆ ಕೊಟ್ಟುಬಿಡುವವರು ಬಹಳ. ಇದು ನಿಜಕ್ಕೂ ನಷ್ಟದ ಆತುರ. ಷರಾ ಬಿದ್ದ ನಾಣ್ಯದ ಬಗ್ಗೆಯೂ ಸಂಸ್ಥೆ ‘ಇದು ಅಸಲಿ’ ಎಂದು ಹೇಳಿರುತ್ತದೆ. ಅಪರೂಪದ ನಾಣ್ಯಕ್ಕೆ ಆ ಮಾತೇ ಅರ್ಧ ಬೆಲೆ.

1939ರ ಆರನೇ ಜಾರ್ಜ್ ರೂಪಾಯಿಯನ್ನೇ ನೋಡಬಹುದು. ಮುಂಬೈ ಟಂಕಸಾಲೆಯ ಈ ನಾಣ್ಯ ಈಗ ಕೈಗೆ ಸಿಗುವುದೇ ಕಷ್ಟ. ಮರುವರ್ಷವೇ ರೂಪಾಯಿಯ ಬೆಳ್ಳಿ ಶೇ 91.7ರಿಂದ ಶೇ 50ಕ್ಕೆ ಇಳಿಯಿತು. ಅಪರೂಪವಾದ್ದರಿಂದ ನಕಲಿಗಳೂ ಹೆಚ್ಚು. ಸುಲಭವಾಗಿ ಸಿಗುವ 1938ರ ನಾಣ್ಯದ 8ನ್ನು 9 ಎಂದು ತಿದ್ದಿದವೂ ಇವೆ. ಹೀಗಾಗಿ ಕಲೆಯಿದ್ದರೂ ಅಸಲಿಯೆಂದು ಖಾತ್ರಿಯಾದ 1939ರ ರೂಪಾಯಿಗೆ ಗಿರಾಕಿ ಇದ್ದೇ ಇರುತ್ತಾರೆ. 1940ರ ದಶಕದ ಸಾಮಾನ್ಯ ರೂಪಾಯಿಗೆ ಇದೇ ಷರಾ ಬಿದ್ದರೆ ಮಾತ್ರ ಗ್ರೇಡಿಂಗ್ ಶುಲ್ಕವೂ ಹುಟ್ಟದಿರಬಹುದು.

ಮಾರುವವರು ಮೊದಲು ಪ್ಲಾಸ್ಟಿಕ್ ಡಬ್ಬಿಯ, ಅಂದರೆ ಸ್ಲ್ಯಾಬ್‌ನ, ಚೀಟಿಯನ್ನು ಸರಿಯಾಗಿ ಓದಬೇಕು. ‘ಎಕ್ಸ್‌ಎಫ್ ಡೀಟೇಲ್ಸ್, ಮೌಂಟ್ ರಿಮೂವ್ಡ್’ ಎಂದಿದ್ದರೆ ಅಚ್ಚಿನ ವಿವರಗಳು ಬಹುಪಾಲು ಸ್ಪಷ್ಟವಾಗಿ ಉಳಿದಿವೆ, ಆದರೆ ಒಮ್ಮೆ ಕೊಂಡಿ ಬೆಸೆದು ತೆಗೆಯಲಾಗಿದೆ ಎಂದರ್ಥ. ಬೆಳ್ಳಿ ರೂಪಾಯಿಗಳನ್ನು ಸರಕ್ಕೆ ಪೋಣಿಸುತ್ತಿದ್ದ ನಮ್ಮ ಕಡೆ ಇದು ಮಾಮೂಲಿ ದೋಷ. ನಾಣ್ಯವನ್ನು ಓರೆಯಾಗಿ ಹಿಡಿದರೆ ಕಿರೀಟದ ಮೇಲ್ಭಾಗದ ಅಂಚಿನಲ್ಲಿ ಸಣ್ಣ ಗೆರೆಗಳು ಅಳಿಸಿಹೋಗಿ, ಕರಗಿ ಹರಡಿದ ಲೋಹದ ಬೂದುಬಣ್ಣದ ತೇಪೆ ಕಾಣುತ್ತದೆ. ‘ಕ್ಲೀನ್ಡ್’ ಎಂಬ ಷರಾ ಹುಣಸೆಹಣ್ಣು, ವಿಭೂತಿ ಅಥವಾ ಪಾಲಿಶ್ ಪುಡಿ ಹಾಕಿ ತಿಕ್ಕಿದ್ದರ ಫಲ. ದೀಪದಡಿ ತಿರುಗಿಸಿದರೆ ಕೂದಲೆಳೆಯಂಥ ಗೆರೆಗಳು ಒಂದೇ ದಿಕ್ಕಿನಲ್ಲಿ ಮಿನುಗುತ್ತವೆ. ಚೀಟಿಯ ನಂಬರನ್ನು ಸಂಸ್ಥೆಯ ಜಾಲತಾಣದಲ್ಲಿ ಹಾಕಿ, ಅಲ್ಲಿನ ವಿವರ ಕೈಯಲ್ಲಿರುವ ನಾಣ್ಯಕ್ಕೆ ತಾಳೆಯಾಗುತ್ತದೆಯೇ ಎಂದೂ ನೋಡಿಕೊಳ್ಳಬೇಕು. ಸ್ಲ್ಯಾಬ್‌ಗಳನ್ನೇ ನಕಲು ಮಾಡುವವರಿದ್ದಾರೆ.

ಮುಂದಿನ ಪ್ರಶ್ನೆ, ದೋಷ ಹೋಗುವಂಥದ್ದೇ? ಪಿವಿಸಿ ಪೌಚಿನಲ್ಲಿಟ್ಟು ಹತ್ತಿದ ಹಸಿರು ಅಂಟು ಅಥವಾ ಮೇಲ್ಮೈಯ ಕೊಳೆಯನ್ನು ಈ ಸಂಸ್ಥೆಗಳ ಸಂರಕ್ಷಣಾ ವಿಭಾಗದವರು ತೆಗೆಯಬಲ್ಲರು. ಗೀರು, ಬೆಸುಗೆ, ತಿಕ್ಕಿದ ಗೆರೆಗಳು ಹೋಗುವುದಿಲ್ಲ. ಅವನ್ನು ಮರೆಮಾಚಲು ಅಕ್ಕಸಾಲಿಗರ ಕೈಗೆ ಕೊಟ್ಟರೆ ಒಂದು ದೋಷ ಎರಡಾಗುತ್ತದೆ. ಸ್ಲ್ಯಾಬ್ ಒಡೆದು, ಷರಾ ಇಲ್ಲದಂತೆ ಮಾರುವ ಯೋಚನೆಯಂತೂ ಬೇಡವೇ ಬೇಡ. ಅಸಲಿಯೆಂಬ ಖಾತ್ರಿ ಡಬ್ಬಿಯೊಂದಿಗೇ ಹೋಗುತ್ತದೆ, ಜೊತೆಗೆ ಅದು ಕೊಳ್ಳುವವರಿಗೆ ಮಾಡುವ ಮೋಸ.

ಬೆಲೆ ಕಟ್ಟುವುದೇ ಇಲ್ಲಿ ಕಷ್ಟದ ಕೆಲಸ. ದರಪುಸ್ತಕಗಳ ಬೆಲೆ ದೋಷವಿಲ್ಲದ ನಾಣ್ಯಗಳದ್ದು. ಅದರಲ್ಲಿ ಇಂತಿಷ್ಟು ಕಳೆದರೆ ಆಯಿತು ಎಂಬ ಲೆಕ್ಕ ನಡೆಯುವುದಿಲ್ಲ. ಅದೇ ವರ್ಷದ, ಅದೇ ಬಗೆಯ ದೋಷವಿರುವ ನಾಣ್ಯಗಳು ಹಿಂದಿನ ಹರಾಜುಗಳಲ್ಲಿ ಎಷ್ಟಕ್ಕೆ ಹೋದವು ಎಂಬುದೇ ಸರಿಯಾದ ಅಳತೆ. ದೋಷ ಯಾವ ಜಾಗದಲ್ಲಿದೆ ಎಂಬುದೂ ಮುಖ್ಯ: ಅಂಚಿನ ಬೆಸುಗೆಯನ್ನು ಸಹಿಸುವ ಸಂಗ್ರಾಹಕರು ರಾಜನ ಕೆನ್ನೆಯ ಮೇಲಿನ ಗೀರನ್ನು ಸಹಿಸುವುದಿಲ್ಲ. ಕನಿಷ್ಠ ಬೆಲೆಗೆ ಬೆಳ್ಳಿಯ ಲೆಕ್ಕ ಇದೆ. 11.66 ಗ್ರಾಂ ತೂಕದ 1939ರ ರೂಪಾಯಿಯಲ್ಲಿ ಸುಮಾರು 10.69 ಗ್ರಾಂ ಶುದ್ಧ ಬೆಳ್ಳಿಯಿದೆ.

ಎರಡೂ ಮುಖಗಳ ಜೊತೆ ದೋಷವಿರುವ ಜಾಗದ ಫೋಟೊವನ್ನೂ ಹತ್ತಿರದಿಂದ, ಪಕ್ಕದ ಬೆಳಕಿನಲ್ಲಿ ತೆಗೆಯಬೇಕು. ವಿವರಣೆಯ ಮೊದಲ ಸಾಲಿನಲ್ಲೇ ಷರಾ ಬರಲಿ. ದೋಷವನ್ನು ತಾವೇ ಹೇಳಿದ ಮಾರಾಟಗಾರರ ಜೊತೆ ಚೌಕಾಸಿ ಕಡಿಮೆ, ಮಾಲು ವಾಪಸ್ ಬರುವುದೂ ಕಡಿಮೆ.

ಅಪರೂಪದ ನಾಣ್ಯಕ್ಕೆ ಹರಾಜು ಸಂಸ್ಥೆಯೇ ಒಳ್ಳೆಯ ದಾರಿ. ಬೆಂಗಳೂರಿನ ಮರುಧರ್ ಆರ್ಟ್ಸ್, ಮುಂಬೈನ ಟೋಡಿವಾಲಾ ಆಕ್ಷನ್ಸ್‌ನಂಥವು ಈ ಕೆಲಸದಲ್ಲಿವೆ. ನಾಣ್ಯ ಒಪ್ಪಿಸುವ ಮೊದಲು ಕಮಿಷನ್ ಎಷ್ಟು, ಕನಿಷ್ಠ ಬೆಲೆ ಇಡಬಹುದೇ, ಮಾರಾಟವಾಗದಿದ್ದರೆ ಖರ್ಚು ಯಾರದು, ಹಣ ಎಷ್ಟು ದಿನಕ್ಕೆ ಬರುತ್ತದೆ ಎಂಬುದು ಬರಹದಲ್ಲಿರಬೇಕು. ಕೂಗಿದ ಬೆಲೆಯ ಮೇಲೆ ಕೊಳ್ಳುವವರು ತೆರುವ ಶುಲ್ಕ ಮಾರುವವರ ಕೈಗೆ ಬರುವುದಿಲ್ಲ. ಕಡಿಮೆ ಬೆಲೆಯ ನಾಣ್ಯಕ್ಕೆ ಇಷ್ಟು ಓಡಾಟ ದಂಡ. ಅದನ್ನು ನಾಣ್ಯ ಪ್ರದರ್ಶನಗಳಲ್ಲಿ ಎರಡು ಮೂರು ವ್ಯಾಪಾರಿಗಳಿಗೆ ತೋರಿಸಿ ಮಾರಿದರೆ ಸಾಕು.

ಕಾನೂನಿನ ಒಂದು ಗಡಿಯೂ ಇದೆ. 1972ರ ಪುರಾತನ ವಸ್ತು ಮತ್ತು ಕಲಾನಿಧಿ ಕಾಯ್ದೆಯ ಪ್ರಕಾರ ನೂರು ವರ್ಷ ತುಂಬಿದ ನಾಣ್ಯ ಪುರಾತನ ವಸ್ತು. ಅದನ್ನು ಖಾಸಗಿಯವರು ದೇಶದಾಚೆಗೆ ಕಳಿಸುವಂತಿಲ್ಲ. 1911ರ ರೂಪಾಯಿಗೆ ವಿದೇಶದ ಗಿರಾಕಿ ಎಷ್ಟೇ ಬೆಲೆ ಹೇಳಲಿ, ಕಳಿಸಿದರೆ ಅಪರಾಧ. 1939ರ ನಾಣ್ಯಕ್ಕೆ ಈ ನಿರ್ಬಂಧ ಇನ್ನೂ ತಾಗಿಲ್ಲ.

ಹಳೆಯ ನಾಣ್ಯಕ್ಕೆ ಲಕ್ಷಗಟ್ಟಲೆ ಕೊಡುತ್ತೇವೆ ಎಂದು ಫೋನ್ ಮಾಡಿ, ಮೊದಲು ತೆರಿಗೆ ಅಥವಾ ಕಮಿಷನ್ ಕಟ್ಟಿ ಎನ್ನುವವರ ಬಗ್ಗೆ ರಿಸರ್ವ್ ಬ್ಯಾಂಕ್ 2021ರಲ್ಲೇ ಎಚ್ಚರಿಸಿದೆ. ತನ್ನ ಹೆಸರಿನಲ್ಲಿ ಇಂಥ ಶುಲ್ಕ ಪಡೆಯಲು ಯಾರಿಗೂ ಅಧಿಕಾರ ಕೊಟ್ಟಿಲ್ಲ ಎಂದೂ ಅದು ಸ್ಪಷ್ಟಪಡಿಸಿದೆ. ನೇರವಾಗಿ ಮಾರುವಾಗ ಹಣ ಖಾತೆಗೆ ಜಮಾ ಆದ ಮೇಲೆಯೇ, ಡಬ್ಬಿ ಅಲುಗದಂತೆ ಸುತ್ತಿ, ವಿಮೆ ಮಾಡಿಸಿದ ಪಾರ್ಸೆಲ್‌ನಲ್ಲಿ ನಾಣ್ಯ ಕಳಿಸಬೇಕು. ಸ್ಲ್ಯಾಬ್ ನಂಬರ್ ಮತ್ತು ಷರಾ ಎರಡನ್ನೂ ರಸೀದಿಯಲ್ಲಿ ಬರೆದು, ಅದರ ಪ್ರತಿಯನ್ನು ಫೋಟೊಗಳ ಜೊತೆ ಇಟ್ಟುಕೊಳ್ಳಬೇಕು.