ಗಾಳಿಗೆ ಬಾಗುವ ಪೈರು

ಮಳೆಗಾಲದಲ್ಲಿ ಗದ್ದೆಯ ಬದುವಿನ ಮೇಲೆ ನಿಂತು ನೋಡಿರಿ. ಹೊಸದಾಗಿ ನೆಟ್ಟ ನೇಜಿ ಮೊದಲ ಕೆಲವು ದಿನ ಬಾಡಿ ಹಳದಿಯಾಗಿರುತ್ತದೆ. ಬೇರು ಹಿಡಿದ ಮೇಲೆ ಹಸಿರೇರುತ್ತದೆ. ಗಾಳಿ ಬೀಸಿದಾಗ ಇಡೀ ಗದ್ದೆ ಒಂದೇ ದಿಕ್ಕಿಗೆ ಬಾಗುತ್ತದೆ. ಗಾಳಿ ನಿಂತಾಗ ಮತ್ತೆ ತಲೆಯೆತ್ತುತ್ತದೆ. ಅದೇ ಗಾಳಿಗೆ ಸೆಟೆದು ನಿಂತ ಹೆಮ್ಮರ ಬುಡಸಮೇತ ಉರುಳುವುದೂ ಉಂಟು.

ಪ್ರವಾದಿವರ್ಯರು(ಸ) ಸತ್ಯವಿಶ್ವಾಸಿಯನ್ನು ಹೋಲಿಸಿರುವುದು ಆ ಹೆಮ್ಮರಕ್ಕಲ್ಲ, ಈ ಎಳೆಯ ಪೈರಿಗೆ. ಬುಖಾರಿ ಮತ್ತು ಮುಸ್ಲಿಮ್ ಗ್ರಂಥಗಳಲ್ಲಿ ಈ ಹದೀಸ್ ಇದೆ. ಸಂಕಷ್ಟದ ಗಾಳಿ ವಿಶ್ವಾಸಿಯನ್ನೂ ಬಾಗಿಸುತ್ತದೆ. ಕಷ್ಟ ಬಂದಾಗ ಕಣ್ಣೀರು ಬರುವುದು ಈಮಾನಿನ ಕೊರತೆಯಲ್ಲ. ಪುಟ್ಟ ಮಗ ಇಬ್ರಾಹೀಮ್ ತೀರಿಕೊಂಡಾಗ ಪ್ರವಾದಿಯವರ(ಸ) ಕಣ್ಣುಗಳೂ ತುಂಬಿದ್ದವು. ಬಾಗಿದರೂ ಬೇರು ಕೀಳದಿರುವುದೇ ಈಮಾನ್.

ಸೂರಃ ಅಲ್ ಫತ್‌ಹ್‌ನ 29ನೆಯ ವಚನದಲ್ಲಿ ಅಲ್ಲಾಹನು ಸಹಾಬಿಗಳ ಸಮೂಹವನ್ನೂ ಬೆಳೆಯುವ ಪೈರಿಗೆ ಹೋಲಿಸಿದ್ದಾನೆ. ಈ ಸೂರಃ ಅವತೀರ್ಣವಾದುದು ಹಿಜರಿ 6ರಲ್ಲಿ, ಹುದೈಬಿಯಾದಿಂದ ಮರಳುವ ದಾರಿಯಲ್ಲಿ. ಉಮ್ರಾಕ್ಕೆಂದು ಹೊರಟಿದ್ದ ಸುಮಾರು 1400 ಮಂದಿಯನ್ನು ಕುರೈಷರು ತಡೆದಿದ್ದರು. ಈ ವರ್ಷ ಹಿಂದಿರುಗಬೇಕೆಂಬ ಒಪ್ಪಂದವಾಯಿತು. ಉಮರ್‌ರಂತಹ(ರ) ಧೀರರೇ ಕಳವಳಗೊಂಡರು. ಬಲಿಯರ್ಪಿಸಿ ತಲೆ ಬೋಳಿಸಿಕೊಳ್ಳಿರೆಂದು ಪ್ರವಾದಿಯವರು(ಸ) ಹೇಳಿದರೂ ದುಃಖದಿಂದ ಯಾರೂ ಏಳಲಿಲ್ಲ. ಆಗ ಪತ್ನಿ ಉಮ್ಮು ಸಲಮಾ(ರ), ಯಾರೊಂದಿಗೂ ಮಾತಾಡದೆ ತಾವೇ ಮೊದಲು ಮಾಡಿರೆಂದು ಸಲಹೆಯಿತ್ತರು. ಪ್ರವಾದಿಯವರು(ಸ) ಹಾಗೆಯೇ ಮಾಡಿದರು. ಅದನ್ನು ಕಂಡು ಎಲ್ಲರೂ ಎದ್ದರು. ಬಾಗಿದ ಪೈರು ಒಟ್ಟಾಗಿ ತಲೆಯೆತ್ತಿತು. ಎರಡು ವರ್ಷಗಳ ಬಳಿಕ ಅವರು ಹತ್ತು ಸಾವಿರ ಮಂದಿಯಾಗಿ ಮಕ್ಕಾ ಪ್ರವೇಶಿಸಿದರು.

ಇದನ್ನು ಪಾಠ ಹೇಳುವ ನಾನೇ ಒಮ್ಮೆ ತಪ್ಪಿದೆ. ನಮ್ಮ ಮದ್ರಸಾದ ಹುಡುಗನೊಬ್ಬನ ತಂದೆ ವ್ಯಾಪಾರದಲ್ಲಿ ಸೋತು ಮಸೀದಿಗೆ ಬರುವುದನ್ನೇ ಬಿಟ್ಟಿದ್ದರು. ನಮಾಝಿನ ಸಾಲಿನಲ್ಲಿ ಅವರಿಲ್ಲದ್ದನ್ನು ನಾನು ಗಮನಿಸಿಯೇ ಇರಲಿಲ್ಲ. ಹುಡುಗನೇ ಹೇಳಿದ ಮೇಲೆ ಮನೆಗೆ ಹೋದೆ. "ಉಸ್ತಾದರೇ, ಸಾಲ ಕೊಟ್ಟವರ ಪಕ್ಕದಲ್ಲಿ ಹೇಗೆ ನಿಲ್ಲಲಿ?" ಎಂದು ಅವರು ತಲೆ ತಗ್ಗಿಸಿದರು. ನಾನು ಸಾಲ ಕೊಟ್ಟವರಲ್ಲಿಗೆ ಹೋಗಿ, ಕಷ್ಟದಲ್ಲಿರುವ ಸಾಲಗಾರನಿಗೆ ಕಾಲಾವಕಾಶ ನೀಡಬೇಕೆಂಬ ಅಲ್ ಬಕರಃ ಸೂರಃದ 280ನೆಯ ವಚನವನ್ನು ನೆನಪಿಸಿದೆ. ಅವರು ಮರುದಿನ ತಾವೇ ಆ ಮನೆಗೆ ಹೋಗಿ, "ಹಣ ನಿಧಾನವಾಗಿ ಬರಲಿ, ನೀವು ನಮಾಝಿಗೆ ಬನ್ನಿ" ಎಂದು ಕೈಹಿಡಿದು ಕರೆತಂದರು. ಆ ರಾತ್ರಿ ಇಶಾ ನಮಾಝಿನಲ್ಲಿ ಇಬ್ಬರೂ ಭುಜಕ್ಕೆ ಭುಜ ತಾಗಿಸಿ ನಿಂತಿದ್ದರು. ಸಾಲ ತೀರಿರಲಿಲ್ಲ. ಆದರೆ ಅದನ್ನು ತೀರಿಸುವ ಧೈರ್ಯ ಅವರಿಗೆ ಮರಳಿ ಬಂದಿತ್ತು.

ಸಹೋದರ ಸಹೋದರಿಯರೇ, ಜಮಾಅತ್ ನಮಾಝಿಗೆ ಒಂಟಿ ನಮಾಝಿಗಿಂತ 27 ಪಟ್ಟು ಪ್ರತಿಫಲವೆಂದು ನಾವೆಲ್ಲ ಬಲ್ಲೆವು. ಆದರೆ ಪಕ್ಕದಲ್ಲಿ ನಿಲ್ಲುತ್ತಿದ್ದವನು ಇಂದು ಏಕೆ ಬಂದಿಲ್ಲವೆಂದು ವಿಚಾರಿಸುತ್ತೇವೆಯೇ? ನೆರೆಮನೆಯ ಸಹೋದರಿ ಕೆಲವು ದಿನಗಳಿಂದ ಏಕೆ ಮೌನವಾಗಿದ್ದಾಳೆಂದು ಕೇಳಿದ್ದೇವೆಯೇ? ನೀವೇ ಬಾಗಿರುವಿರಾದರೆ ನಾಚಿ ಬಾಗಿಲು ಮುಚ್ಚಿಕೊಳ್ಳಬೇಡಿ. ಸುಜೂದಿನಲ್ಲಿ ಅಲ್ಲಾಹನೊಂದಿಗೆ ಹೇಳಿಕೊಳ್ಳಿ, ನಂಬಿಕಸ್ತ ಸಹೋದರನೊಬ್ಬನಿಗೂ ತಿಳಿಸಿ.

ನಮ್ಮ ಬೇರುಗಳನ್ನು ಅಲ್ಲಾಹನು ಗಟ್ಟಿಗೊಳಿಸಲಿ, ಬಾಗಿದವರನ್ನು ಎತ್ತುವ ಕೈಗಳನ್ನಾಗಿ ನಮ್ಮನ್ನು ಮಾಡಲಿ. ಆಮೀನ್.