‘ಸ್ವಚ್ಛತೆ ಇಲ್ಲದಿದ್ದರೆ ತುರಿಕೆ’: ನಾನು ಮತ್ತೊಮ್ಮೆ ಮಾಡಬೇಕಾದ ಪಾಠ

ಭೂಸನೂರಿನಲ್ಲಿ ನನ್ನ ಅಭ್ಯಾಸ ಬೋಧನೆಯ ಮೂರನೆಯ ವಾರ. 8ನೇ ತರಗತಿ ವಿಜ್ಞಾನದಲ್ಲಿ ಹದಿಹರೆಯದ ಘಟಕ. ‘ವಿದ್ಯಾರ್ಥಿಗಳು ವೈಯಕ್ತಿಕ ಸ್ವಚ್ಛತೆಯ ಮಹತ್ವವನ್ನು ತಿಳಿಯುವರು’ ಎಂದು ಪಾಠಯೋಜನೆಯಲ್ಲಿ ಬರೆದುಕೊಂಡಿದ್ದೆ. ಹೆಣ್ಣುಮಕ್ಕಳನ್ನು ಪ್ರತ್ಯೇಕವಾಗಿ ಕೂಡಿಸಿ, ‘ತೊಡೆಸಂದು, ಗುಪ್ತಾಂಗ ಸ್ವಚ್ಛವಾಗಿಲ್ಲದಿದ್ದರೆ ತುರಿಕೆ ಬರುತ್ತದೆ’ ಎಂದು ಹಲಗೆಯ ಮೇಲೆ ಬರೆದೆ. ಯಾರೂ ತಲೆ ಎತ್ತಲಿಲ್ಲ, ಏನೂ ಕೇಳಲಿಲ್ಲ. ಪಾಠ ಮುಟ್ಟಿತು ಎಂದುಕೊಂಡೆ.

ಹೆಸರು ಬರೆಯದೆ ಪ್ರಶ್ನೆ ಹಾಕಲು ಒಂದು ಡಬ್ಬಿ ಇಟ್ಟಿದ್ದೆ. ಮರುದಿನ ಅದರಲ್ಲಿ ಒಂದೇ ಚೀಟಿ: ‘ಟೀಚರ್‌ರಿ, ನಾ ದಿನಾ ಎರಡು ಸಲ ಸಾಬೂನು ಹಚ್ಚಿ ತೊಳಕೋತೀನ್ರಿ. ಆದ್ರೂ ತಿಂಡಿ ಹೋಗವಲ್ದು. ನಾ ಅಷ್ಟು ಹೊಲಸ ಇದ್ದೀನೇನ್ರಿ?’

ನಮ್ಮ ಕಡೆ ತಿಂಡಿ ಎಂದರೆ ತುರಿಕೆ. ದಕ್ಷಿಣದಿಂದ ಬಂದ ನನ್ನ ಮಾರ್ಗದರ್ಶಕರಿಗೆ ಇದನ್ನು ಬಿಡಿಸಿ ಹೇಳಬೇಕಾಯಿತು. ಅರ್ಥವಾದ ಮೇಲೆ ಅವರು ನಗಲಿಲ್ಲ. ‘ನಿನ್ನ ವಾಕ್ಯವೇ ಈ ಹುಡುಗಿಗೆ ಹೊಲಸು ಅಂದದ್ದಮ್ಮ’ ಎಂದರು. ಆ ಪಾಠವನ್ನು ಮತ್ತೊಮ್ಮೆ ಮಾಡಲು ಒಂದು ಅವಧಿ ಕೇಳಿ ಪಡೆದೆ.

ಈ ಸಲ ಅರಿಶಿನದ ನೀರಿನಲ್ಲಿ ಅದ್ದಿ ಒಣಗಿಸಿದ ಕಾಗದದ ಪಟ್ಟಿಗಳಿಂದ ಆರಂಭಿಸಿದೆ. ಸಾಬೂನಿನ ನೀರು ತಾಗಿದ ಪಟ್ಟಿ ಕೆಂಪಾಯಿತು, ಮಜ್ಜಿಗೆ ತಾಗಿದ್ದು ಹಳದಿಯಾಗಿಯೇ ಉಳಿಯಿತು. ಸಾಬೂನು ಪ್ರತ್ಯಾಮ್ಲ ಎಂದು ಮಕ್ಕಳೇ ಹೇಳಿದರು. ಮೈಗೆ ಹಚ್ಚುವ ಸಾಮಾನ್ಯ ಸಾಬೂನಿನ ಪಿಎಚ್ 9ರಿಂದ 10. ಯೋನಿಯ ಒಳಭಾಗದ ಪಿಎಚ್ ಪ್ರೌಢಾವಸ್ಥೆಯ ನಂತರ ಸಾಮಾನ್ಯವಾಗಿ 3.8ರಿಂದ 4.5. ಮೊಸರಿನಲ್ಲಿರುವಂಥ ಲ್ಯಾಕ್ಟೋಬ್ಯಾಸಿಲಸ್ ಜಾತಿಯ ಬ್ಯಾಕ್ಟೀರಿಯಾಗಳು ಆ ಹುಳಿಯನ್ನು ಕಾಯುತ್ತವೆ. ಅಲ್ಲಿಗೆ ಸಾಬೂನು ಹೋದರೆ ಕಾವಲು ಕೆಡುತ್ತದೆ, ಹೊರಚರ್ಮವೂ ಒಣಗಿ ಉರಿಯುತ್ತದೆ. ಉರಿದದ್ದಕ್ಕೆ ಮತ್ತೆ ತೊಳೆಯುತ್ತೇವೆ. ‘ಔಷಧದ ನೀರು ಹಾಕಿದ್ರ ಚಲೋ ಅಲ್ಲೇನ್ರಿ?’ ಎಂದು ಒಬ್ಬಳು ಕೇಳಿದಳು. ಅದು ಇನ್ನೂ ಹೆಚ್ಚು ಉರಿಸುತ್ತದೆ. ಒಳಗೆ ಏನೂ ಹಾಕಬಾರದು, ಹೊರಗೆ ಬರೀ ನೀರು ಸಾಕು, ಆಮೇಲೆ ಒಣಗಿಸಿಕೊಳ್ಳಬೇಕು ಎಂದೆ. ತರಗತಿ ಮಾತಾಡತೊಡಗಿದ್ದು ಅಲ್ಲಿಂದ.

ಉಳಿದ ಕಾರಣಗಳು ಅವರ ಬಾಯಿಂದಲೇ ಬಂದವು. ನೈಲಾನ್ ಒಳಉಡುಪು, ಬೆವರು, ಮುಟ್ಟಿನಲ್ಲಿ ಬೆಳಿಗ್ಗೆಯಿಂದ ಸಂಜೆಯವರೆಗೆ ಒಂದೇ ಪ್ಯಾಡು (ನಾಲ್ಕರಿಂದ ಆರು ತಾಸಿಗೊಮ್ಮೆ ಬದಲಿಸಬೇಕು), ಯಾರಿಗೂ ಕಾಣದಂತೆ ಕತ್ತಲಲ್ಲಿ ಒಣಹಾಕಿದ ಬಟ್ಟೆ. ಒಂದಿಷ್ಟು ಬಿಳಿ ಹೋಗುವುದು ಸಹಜ. ಮೊಸರಿನಂತೆ ಗಟ್ಟಿಯಾಗಿ ಹೋಗಿ ತುರಿಕೆಯಿದ್ದರೆ ಅದು ಕ್ಯಾಂಡಿಡಾ ಎಂಬ ಶಿಲೀಂಧ್ರವಿರಬಹುದು. ಆಂಟಿಬಯಾಟಿಕ್ ನುಂಗಿದ ಮೇಲೂ ಅದು ಬರುವುದುಂಟು. ರಾತ್ರಿ ತುರಿಕೆ ಹೆಚ್ಚಾಗಿ, ಬೆರಳಸಂದಿಯಲ್ಲೂ ಇದ್ದು, ಮನೆಯ ಇತರರೂ ಕೆರೆದುಕೊಳ್ಳುತ್ತಿದ್ದರೆ ಕಜ್ಜಿಯನ್ನು ನೆನೆಯಬೇಕು. ಅದಕ್ಕೆ ಮನೆಯವರೆಲ್ಲರೂ ಒಂದೇ ದಿನ ಮುಲಾಮು ಹಚ್ಚಬೇಕು.

ಹುಡುಗರಿಗೆ ಸಹಪಾಠಿಯೊಬ್ಬರು ಪಾಠ ಮಾಡಿದರು. ರಜೆಯಲ್ಲಿ ಕಬ್ಬಿನ ಹೊಲಕ್ಕೆ ಹೋಗುವ ಹುಡುಗನೊಬ್ಬ ಕಿಸೆಯಿಂದ ಅರ್ಧ ಖಾಲಿಯಾದ ಟ್ಯೂಬು ತೆಗೆದು ತೋರಿಸಿದನಂತೆ. ತೊಡೆಸಂದಿನ ಗಜಕರ್ಣಕ್ಕೆ ಅಂಗಡಿಯಿಂದ ತಂದದ್ದು. ಹಚ್ಚಿದರೆ ಎರಡು ದಿನ ಆರಾಮ, ಬಿಟ್ಟರೆ ಮೊದಲಿಗಿಂತ ದೊಡ್ಡ ಸುತ್ತು. ಅದರಲ್ಲಿ ಸ್ಟಿರಾಯ್ಡ್ ಇತ್ತು. ಸ್ಟಿರಾಯ್ಡ್ ತುರಿಕೆಯನ್ನು ಅಡಗಿಸುತ್ತದೆ, ಶಿಲೀಂಧ್ರವನ್ನು ಬೆಳೆಯಬಿಡುತ್ತದೆ, ಬಹುದಿನ ಹಚ್ಚಿದರೆ ಚರ್ಮ ತೆಳುವಾಗಿ ಗೆರೆ ಬೀಳುತ್ತದೆ. ಇಂಥ ಹಲವು ಸ್ಟಿರಾಯ್ಡ್ ಮುಲಾಮುಗಳನ್ನು ಕೇಂದ್ರ ಸರ್ಕಾರ 2018ರಲ್ಲಿ ವೈದ್ಯರ ಚೀಟಿ ಇಲ್ಲದೆ ಮಾರಬಾರದ ಷೆಡ್ಯೂಲ್ ಎಚ್‌ಗೆ ಸೇರಿಸಿದೆ. ಆದರೂ ಟ್ಯೂಬು ಕಿಸೆಗೆ ಬರುತ್ತಿದೆ. ನನ್ನ ಮೊದಲ ಪಾಠಯೋಜನೆಯಲ್ಲಿ ಇದಕ್ಕೆ ಒಂದು ಸಾಲೂ ಇರಲಿಲ್ಲ.

ದುರ್ವಾಸನೆ, ಹುಣ್ಣು, ಮೂತ್ರ ಮಾಡುವಾಗ ಉರಿ, ಜ್ವರ ಇದ್ದರೆ ಆಸ್ಪತ್ರೆಗೆ ಹೋಗಲೇಬೇಕೆಂದು ಎರಡೂ ಗುಂಪಿಗೆ ಹೇಳಿದೆವು. ಮಾರ್ಗದರ್ಶಕರು ಇನ್ನೊಂದನ್ನು ಸೇರಿಸಿದರು: ಯಾರಾದರೂ ಮುಟ್ಟಿದ್ದರಿಂದ ಆದ ನೋವೆಂದು ಮಗು ಹೇಳಿದರೆ ಶಿಕ್ಷಕಿ ಸುಮ್ಮನಿರುವಂತಿಲ್ಲ. ಮಕ್ಕಳ ಸಹಾಯವಾಣಿ 1098ನ್ನು ಹಲಗೆಯ ಮೂಲೆಯಲ್ಲಿ ಬರೆದೆವು.

ಚೀಟಿ ಬರೆದವಳು ಯಾರೆಂದು ನಾನು ಹುಡುಕಲಿಲ್ಲ. ಆ ವಾರ ಡಬ್ಬಿಯಲ್ಲಿ ಒಂಬತ್ತು ಚೀಟಿಗಳಿದ್ದವು. ಎರಡಕ್ಕೆ ನನಗೆ ಉತ್ತರ ತಿಳಿಯದೆ ಆರೋಗ್ಯ ಸಹಾಯಕಿಯವರನ್ನು ಕೇಳಿ ಹೇಳಿದೆ. ಡಬ್ಬಿಯನ್ನು ಶಾಲೆಯಲ್ಲೇ ಬಿಟ್ಟು ಬಂದಿದ್ದೇನೆ. ಕೀಲಿ ವಿಜ್ಞಾನದ ಟೀಚರ್ ಹತ್ತಿರ ಇದೆ.