ಕೊಲೆಸ್ಟ್ರಾಲ್ ಮಾತ್ರೆ ಮತ್ತು ಮೈಕೈ ನೋವು: ಬಿಡುವ ಮುನ್ನ ಬಾಯಿಬಿಟ್ಟು ಹೇಳಿ



ನಮ್ಮ ಅನೇಕ ಮನೆಗಳಲ್ಲಿ ಹಿರಿಯರು ಬಿ.ಪಿ. ಮಾತ್ರೆಯನ್ನು ತಪ್ಪದೆ ತೆಗೆದುಕೊಳ್ಳುತ್ತಾರೆ, ಸಕ್ಕರೆ ಕಾಯಿಲೆಯ ಮಾತ್ರೆಯನ್ನೂ ಮರೆಯುವುದಿಲ್ಲ. ಆದರೆ ಕೊಲೆಸ್ಟ್ರಾಲ್ ಮಾತ್ರೆ ಮಾತ್ರ ಡಬ್ಬಿಯಲ್ಲೇ ಉಳಿದಿರುತ್ತದೆ. ಕೇಳಿದರೆ, "ಅದನ್ನು ತಿಂದರೆ ಕಾಲು ಸೆಳೆಯುತ್ತದೆ, ಅದಕ್ಕೇ ಬಿಟ್ಟೆ" ಎನ್ನುತ್ತಾರೆ. ವೈದ್ಯರಿಗೆ ಹೇಳಿದಿರಾ ಎಂದರೆ ಉತ್ತರವಿಲ್ಲ. ಈ ಮೌನವೇ ಅಪಾಯಕಾರಿ. ಅದರ ಬಗ್ಗೆ ಈ ವಾರ ಸ್ವಲ್ಪ ತಿಳಿದುಕೊಳ್ಳೋಣ.

ಈ ಮಾತ್ರೆ ಮಾಡುವ ಕೆಲಸ

ಅಟೋರ್ವಾಸ್ಟಾಟಿನ್, ರೋಸುವಾಸ್ಟಾಟಿನ್ ಮುಂತಾದ ಮಾತ್ರೆಗಳನ್ನು ಒಟ್ಟಾಗಿ ಸ್ಟಾಟಿನ್ ಎಂದು ಕರೆಯುತ್ತಾರೆ. ಜಪಾನಿನ ವಿಜ್ಞಾನಿ ಅಕಿರಾ ಎಂಡೊ 1970ರ ದಶಕದಲ್ಲಿ ಒಂದು ಬೂಷ್ಟಿನಿಂದ ಇಂತಹ ಮೊದಲ ವಸ್ತುವನ್ನು ಪತ್ತೆಹಚ್ಚಿದರು. 1987ರಲ್ಲಿ ಲೋವಾಸ್ಟಾಟಿನ್ ಅಮೆರಿಕದಲ್ಲಿ ಮಾರಾಟಕ್ಕೆ ಅನುಮತಿ ಪಡೆಯಿತು. ನಮ್ಮ ಯಕೃತ್ತು ತಾನೇ ಕೊಲೆಸ್ಟ್ರಾಲ್ ತಯಾರಿಸುತ್ತದೆ. ಸ್ಟಾಟಿನ್ ಆ ತಯಾರಿಕೆಯನ್ನು ತಗ್ಗಿಸುತ್ತದೆ. ಆಗ ಯಕೃತ್ತು ತನಗೆ ಬೇಕಾದದ್ದನ್ನು ರಕ್ತದಿಂದಲೇ ಸೆಳೆದುಕೊಳ್ಳುವುದರಿಂದ ಎಲ್.ಡಿ.ಎಲ್. ಎಂಬ ಕೆಟ್ಟ ಕೊಲೆಸ್ಟ್ರಾಲ್ ಇಳಿಯುತ್ತದೆ. ಎಲ್.ಡಿ.ಎಲ್. ಸುಮಾರು 40 ಅಂಶ ಇಳಿದರೆ ಹೃದಯಾಘಾತ, ಪಾರ್ಶ್ವವಾಯುಗಳ ಅಪಾಯ ಹೆಚ್ಚುಕಡಿಮೆ ಐದರಲ್ಲೊಂದು ಪಾಲು ತಗ್ಗುತ್ತದೆ. ಮಾತ್ರೆ ಬಿಟ್ಟ ದಿನ ನಿಮಗೆ ಏನೂ ಅನಿಸುವುದಿಲ್ಲ. ಆದರೆ ಕೆಲವೇ ವಾರಗಳಲ್ಲಿ ಕೊಲೆಸ್ಟ್ರಾಲ್ ಮತ್ತೆ ಹಳೆಯ ಮಟ್ಟಕ್ಕೆ ಏರುತ್ತದೆ.

ನೋವು ನಿಜ, ಕಾರಣ ಬೇರೆ ಇರಬಹುದು

ಸ್ಟಾಟಿನ್ ಕೆಲವರಿಗೆ ಸ್ನಾಯುನೋವು ತರುವುದು ನಿಜ. ಅದು ಸಾಮಾನ್ಯವಾಗಿ ದೇಹದ ಎರಡೂ ಬದಿಯಲ್ಲಿ, ತೊಡೆ, ಸೊಂಟ, ಮೀನಖಂಡ, ಹೆಗಲುಗಳಲ್ಲಿ ಕಾಣಿಸುತ್ತದೆ. ಮಾತ್ರೆ ಆರಂಭಿಸಿದ ಅಥವಾ ಪ್ರಮಾಣ ಹೆಚ್ಚಿಸಿದ ಕೆಲವು ವಾರಗಳಲ್ಲೇ ಬರುವುದು ಹೆಚ್ಚು. ಒಂದೇ ಮಂಡಿ ಊದಿಕೊಂಡು ನೋಯುತ್ತಿದ್ದರೆ ಕಾರಣ ಬೇರೆಯೇ ಇರಬಹುದು.

2020ರಲ್ಲಿ ಪ್ರಕಟವಾದ ಲಂಡನ್ನಿನ ಒಂದು ಅಧ್ಯಯನ ಇಲ್ಲಿ ಉಪಯುಕ್ತ. ತೊಂದರೆಯಿಂದ ಸ್ಟಾಟಿನ್ ಬಿಟ್ಟಿದ್ದ 60 ಮಂದಿಗೆ 12 ತಿಂಗಳಿಗೆ 12 ಬಾಟಲಿ ಕೊಟ್ಟರು. ನಾಲ್ಕರಲ್ಲಿ ನಿಜವಾದ ಮಾತ್ರೆ, ನಾಲ್ಕರಲ್ಲಿ ಔಷಧವಿಲ್ಲದ ಹುಸಿ ಮಾತ್ರೆ, ಉಳಿದ ನಾಲ್ಕು ಖಾಲಿ. ಮಾತ್ರೆಗಳಲ್ಲಿ ನಿಜವಾವುದು, ಹುಸಿ ಯಾವುದು ಎಂದು ಅವರಿಗೆ ತಿಳಿದಿರಲಿಲ್ಲ. ನೂರು ಅಂಕದ ಲೆಕ್ಕದಲ್ಲಿ, ಮಾತ್ರೆಯೇ ಇಲ್ಲದ ತಿಂಗಳುಗಳ ತೊಂದರೆ ಸರಾಸರಿ 8, ಹುಸಿ ಮಾತ್ರೆಯಲ್ಲಿ 15, ನಿಜವಾದ ಮಾತ್ರೆಯಲ್ಲಿ 16! ಈ ಫಲಿತಾಂಶವನ್ನು ಕಂಡ ಮೇಲೆ ಅವರಲ್ಲಿ ಅರ್ಧದಷ್ಟು ಮಂದಿ ಸ್ಟಾಟಿನ್ ಮತ್ತೆ ಆರಂಭಿಸಿದರು.

ಹಾಗೆಂದು ನೋವು ಬರೀ ಭ್ರಮೆ ಎಂದು ಯಾರನ್ನೂ ಹೀಗಳೆಯಬೇಡಿ. ಆ ಜನರಿಗೆ ನಿಜವಾಗಿಯೇ ನೋವಾಗಿತ್ತು. ಮಾತ್ರೆಯಿಂದ ತೊಂದರೆಯಾದೀತೆಂಬ ಭಯವೂ ದೇಹಕ್ಕೆ ನೋವು ತರಬಲ್ಲದು ಎಂಬುದಷ್ಟೇ ಇದರ ಪಾಠ.

ನೀವು ಮಾಡಬೇಕಾದುದೇನು?

1. ಒಂದು ಪುಸ್ತಕದಲ್ಲಿ ಬರೆದಿಡಿ. ನೋವು ಎಂದು ಶುರುವಾಯಿತು, ಎಲ್ಲಿ, ಆಗ ಯಾವ ಹೊಸ ಔಷಧ ಅಥವಾ ಶ್ರಮದ ಕೆಲಸ ಇತ್ತು ಎಂಬುದು ವೈದ್ಯರಿಗೆ ದೊಡ್ಡ ಸಹಾಯ.

2. ತೆಗೆದುಕೊಳ್ಳುವ ಎಲ್ಲ ಔಷಧಗಳನ್ನೂ ತಿಳಿಸಿ. ನಾಟಿ ಮದ್ದನ್ನೂ ಮುಚ್ಚಿಡಬೇಡಿ. ಕ್ಲಾರಿತ್ರೊಮೈಸಿನ್‌ನಂತಹ ಆಂಟಿಬಯಾಟಿಕ್, ಶಿಲೀಂಧ್ರ ಸೋಂಕಿನ ಕೆಲವು ಮಾತ್ರೆಗಳು ಕೆಲವು ಸ್ಟಾಟಿನ್‌ಗಳ ಅಂಶವನ್ನು ರಕ್ತದಲ್ಲಿ ಹೆಚ್ಚಿಸುತ್ತವೆ. ಗ್ರೇಪ್‌ಫ್ರೂಟ್ ಹಣ್ಣಿನ ರಸಕ್ಕೂ ಈ ಗುಣವಿದೆ. ನಮ್ಮ ದೇವನಹಳ್ಳಿಯ ಚಕ್ಕೋತ ಅದರ ಹತ್ತಿರದ ಸಂಬಂಧಿ. ದಿನವೂ ತಿನ್ನುವವರಾದರೆ ವೈದ್ಯರಲ್ಲಿ ಕೇಳಿಕೊಳ್ಳಿ.

3. ರಕ್ತಪರೀಕ್ಷೆಯ ಬಗ್ಗೆ ಕೇಳಿ. ಸಿ.ಕೆ. ಪರೀಕ್ಷೆ ಸ್ನಾಯುವಿಗೆ ಆದ ಹಾನಿಯನ್ನು ತೋರಿಸುತ್ತದೆ. ಥೈರಾಯ್ಡ್ ಕೊರತೆಯಿದ್ದರೆ ಮೈನೋವೂ ಬರುತ್ತದೆ, ಕೊಲೆಸ್ಟ್ರಾಲೂ ಏರುತ್ತದೆ. ಹಾಗಾಗಿ ಅದನ್ನೂ ನೋಡಿಸುವುದು ಒಳ್ಳೆಯದು.

4. ದಾರಿಗಳು ಹಲವು ಇವೆ ಎಂಬುದನ್ನು ಮರೆಯಬೇಡಿ. ವೈದ್ಯರು ಕೆಲವು ವಾರ ಮಾತ್ರೆ ನಿಲ್ಲಿಸಿ ನೋಡಬಹುದು, ಪ್ರಮಾಣ ತಗ್ಗಿಸಬಹುದು, ಬೇರೆ ಸ್ಟಾಟಿನ್ ಕೊಡಬಹುದು, ಕೆಲವರಿಗೆ ದಿನ ಬಿಟ್ಟು ದಿನ ಕೊಡಬಹುದು. ಯಾವುದೂ ಒಗ್ಗದಿದ್ದರೆ ಎಜೆಟಿಮೈಬ್, ಬೆಂಪೆಡೋಯಿಕ್ ಆಸಿಡ್ ಎಂಬ ಬೇರೆ ಮಾತ್ರೆಗಳಿವೆ, ಚುಚ್ಚುಮದ್ದುಗಳೂ ಇವೆ.

ಸಕ್ಕರೆಯ ವಿಚಾರ

ಸ್ಟಾಟಿನ್ ರಕ್ತದ ಸಕ್ಕರೆಯನ್ನು ಸ್ವಲ್ಪ ಏರಿಸಬಹುದು. ಮೊದಲೇ ಗಡಿಯಲ್ಲಿದ್ದವರು ಮಧುಮೇಹಕ್ಕೆ ದಾಟುವುದುಂಟು. ಆದರೆ ಹೃದಯಾಘಾತದ ಅಪಾಯವುಳ್ಳವರಿಗೆ ಮಾತ್ರೆಯ ಲಾಭವೇ ಹೆಚ್ಚು. ಸಕ್ಕರೆ ಪರೀಕ್ಷೆ ಮಾಡಿಸುತ್ತಾ, ನಡಿಗೆ ಮತ್ತು ಊಟದಲ್ಲಿ ಶಿಸ್ತು ಇಟ್ಟುಕೊಂಡರೆ ಸಾಕು.

ತಡಮಾಡಬಾರದ ಲಕ್ಷಣಗಳು

ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ತಿರುಗಿದರೆ, ಸ್ನಾಯುಗಳು ತೀವ್ರವಾಗಿ ನೋಯುತ್ತಾ ಏಳಲು ಕೂರಲು ಬಲವೇ ಇಲ್ಲದಂತಾದರೆ, ಕಣ್ಣು ಹಳದಿಯಾದರೆ, ಆ ದಿನವೇ ಮಾತ್ರೆ ನಿಲ್ಲಿಸಿ ಆಸ್ಪತ್ರೆಗೆ ಹೋಗಿ. ಇದು ಬಹಳ ಅಪರೂಪ, ಆದರೆ ಕಾಯುವಂತಹುದಲ್ಲ. ಗರ್ಭ ಧರಿಸಿದವರು, ಧರಿಸಲು ಬಯಸುವವರು ಸಹ ಕೂಡಲೇ ವೈದ್ಯರಿಗೆ ತಿಳಿಸಬೇಕು.

ಮನೆಯವರ ಪಾಲು

ಮಾತ್ರೆ ಬಿಟ್ಟವರನ್ನು ಗದರಬೇಡಿ. ಗದರಿದರೆ ಮುಂದಿನ ಸಲ ಅವರು ಮಾತ್ರೆಯನ್ನು ಬಚ್ಚಿಡುತ್ತಾರೆ, ಅಷ್ಟೇ. ವೈದ್ಯರ ಬಳಿಗೆ ಒಬ್ಬರು ಜೊತೆಗೆ ಹೋಗಿ, ಅವರು ಹೇಳಲು ಸಂಕೋಚಪಡುವುದನ್ನು ಮೆಲ್ಲನೆ ಕೇಳಿ ಹೇಳಿಸಿ.

ಈ ವಾರ ಮನೆಯವರೆಲ್ಲ ಕೂತು ಈ ಪ್ರಶ್ನೆಗಳನ್ನು ಮಾತನಾಡಿಕೊಳ್ಳಿ:

* ನಮ್ಮಲ್ಲಿ ಯಾರಾದರೂ ವೈದ್ಯರಿಗೆ ತಿಳಿಸದೆ ಮಾತ್ರೆ ಬಿಟ್ಟಿದ್ದಾರೆಯೇ? ಏಕೆ?
* ಅವರ ನೋವನ್ನು ನಾವು ಕಿವಿಗೊಟ್ಟು ಕೇಳಿದ್ದೇವೆಯೇ?
* ಮುಂದಿನ ಭೇಟಿಗೆ ಅವರ ಜೊತೆ ಯಾರು ಹೋಗುತ್ತೇವೆ?